ನೀರಗಂಟಿಯ ಜಾಣ್ಮೆ, 741ರ ಪಾಠ

ತರೀಕೆರೆಯ ವಿದ್ಯಾರ್ಥಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಬೇಕೆಂದರೆ ಹತ್ತಿರದ ದಾರಿ ಎರಡು: ಶಿವಮೊಗ್ಗ ಇಲ್ಲವೇ ಚಿಕ್ಕಮಗಳೂರು. ಎರಡೂ ಊರುಗಳಲ್ಲಿ 1980ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಯಾವ ದಾರಿ ಹಿಡಿದರೂ ಪ್ರಯೋಗಾಲಯದಲ್ಲಿ ಎದುರಾಗುವುದು ಎಂಟು ಕಾಲಿನ ಪುಟ್ಟ ಕಪ್ಪು ಚಿಪ್. ಅದರ ಹೆಸರು 741.

ಇದು ‘ಆಪರೇಷನಲ್ ಆಂಪ್ಲಿಫೈಯರ್’. ವಿದ್ಯಾರ್ಥಿಗಳ ಬಾಯಲ್ಲಿ ‘ಆಪ್‌ಆಂಪ್’. ಎರಡು ಇನ್‌ಪುಟ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಸುಮಾರು 2 ಲಕ್ಷ ಪಟ್ಟು ಹಿಗ್ಗಿಸುವ ಶಕ್ತಿ ಇದಕ್ಕಿದೆ. ಆದರೆ ಮೊದಲ ಪ್ರಯೋಗದಲ್ಲೇ ಎರಡು ರೆಸಿಸ್ಟರ್ ಜೋಡಿಸಿ ಅದನ್ನು 10 ಪಟ್ಟಿಗೆ ಇಳಿಸುತ್ತಾರೆ. ಇರುವ ಬಲವನ್ನು ಹೀಗೆ ಬಿಟ್ಟುಕೊಡುವುದೇಕೆ?

ಉತ್ತರ 1927ರಷ್ಟು ಹಳೆಯದು. ದೂರದ ಟೆಲಿಫೋನ್ ತಂತಿಗಳಲ್ಲಿ ಒಂದರ ನಂತರ ಒಂದು ಆಂಪ್ಲಿಫೈಯರ್ ದಾಟುವಷ್ಟರಲ್ಲಿ ಮಾತು ಕೆಡುತ್ತಿತ್ತು. ಆ ವರ್ಷ ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಅವರಿಗೆ ದೋಣಿಯಲ್ಲಿ ಕೆಲಸಕ್ಕೆ ಹೋಗುವಾಗ ಪರಿಹಾರ ಹೊಳೆಯಿತು. ಕೈಯಲ್ಲಿದ್ದ ಪತ್ರಿಕೆಯ ಪುಟದ ಮೇಲೆಯೇ ಅದನ್ನು ಗೀಚಿಕೊಂಡರು. ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ವಿರುದ್ಧವಾಗಿ ಮರಳಿಸಿದರೆ ಬಲ ಕುಗ್ಗುತ್ತದೆ, ನಿಖರತೆ ಹೆಚ್ಚುತ್ತದೆ. ಇದೇ ‘ನೆಗೆಟಿವ್ ಫೀಡ್‌ಬ್ಯಾಕ್’.

ಕೆರೆ ನೀರಾವರಿ ಕಂಡವರಿಗೆ ಇದು ಹೊಸದಲ್ಲ. ಕೆರೆ ತುಂಬಿದೆಯೆಂದು ನೀರಗಂಟಿ ತೂಬನ್ನು ಪೂರ್ತಿ ತೆರೆಯುವುದಿಲ್ಲ. ಗದ್ದೆಯಲ್ಲಿ ನೀರು ಹೆಚ್ಚಾದರೆ ತೂಬನ್ನು ತಗ್ಗಿಸುತ್ತಾನೆ, ಕಡಿಮೆಯಾದರೆ ಎತ್ತುತ್ತಾನೆ. ಗದ್ದೆಗೆ ಬೇಕಾದಷ್ಟೇ ನೀರು ಸಿಗುವುದು ಈ ಮರುನೋಟದಿಂದ.

‘ಆಪರೇಷನಲ್ ಆಂಪ್ಲಿಫೈಯರ್’ ಎಂಬ ಹೆಸರು ಬಂದದ್ದು 1947ರಲ್ಲಿ, ಜಾನ್ ರಗಝಿನಿ ಮತ್ತು ಸಂಗಡಿಗರ ಪ್ರಬಂಧದಿಂದ. ಕೂಡುವುದು, ಕಳೆಯುವುದು ಮೊದಲಾದ ಗಣಿತದ ‘ಆಪರೇಷನ್’ಗಳನ್ನು ಆಗಿನ ವ್ಯಾಕ್ಯೂಮ್ ಟ್ಯೂಬ್‌ಗಳು ಮಾಡುತ್ತಿದ್ದವು. 1965ರಲ್ಲಿ ಬಾಬ್ ವಿಡ್ಲರ್ ಅವರ 709 ಚಿಪ್ ಬಂತು. ಹೊರಗಿನಿಂದ ಕೆಪಾಸಿಟರ್ ಸರಿಯಾಗಿ ಜೋಡಿಸದಿದ್ದರೆ ಅದು ತಾನಾಗಿಯೇ ಆಂದೋಲನಕ್ಕೆ ಬೀಳುತ್ತಿತ್ತು. 1968ರಲ್ಲಿ ಡೇವ್ ಫುಲಗರ್ ಆ ಕೆಪಾಸಿಟರನ್ನು ಚಿಪ್‌ನೊಳಗೇ ಇಟ್ಟರು. ಅದೇ 741. ಹೊಸಬರ ಕೈಗೂ ಅದು ಪಳಗಿತು.

ಆನಂತರ ಎಷ್ಟೋ ಉತ್ತಮ ಚಿಪ್‌ಗಳು ಬಂದಿವೆ. ಆದರೂ ಪಾಠ ಹಳತಾಗಿಲ್ಲ. ಇಸಿಜಿ ಯಂತ್ರಕ್ಕೆ ಹೃದಯದಿಂದ ದೊರೆಯುವ ಸಂಕೇತ ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಅದನ್ನು ಅಂಕಿಯಾಗಿಸುವ ಮೊದಲು ಕೆಡದಂತೆ ಹಿಗ್ಗಿಸಲೇಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಚಿಪ್ ವಿನ್ಯಾಸ ನಮ್ಮ ಯುವಕ ಯುವತಿಯರ ಉದ್ಯೋಗವೂ ಆಗಿದೆ.

ಸೂತ್ರ ಬಾಯಿಪಾಠ ಮಾಡಿದರೆ ಪರೀಕ್ಷೆ ದಾಟಬಹುದು. ಮೇಜಿನ ಮೇಲಿನ ಸರ್ಕ್ಯೂಟ್ ಕೈಕೊಟ್ಟಾಗ ಮಾತ್ರ ನೀರಗಂಟಿಯಂತೆ ಗದ್ದೆಯತ್ತ ನೋಡಲು ಕಲಿತವರೇ ಬೇಕು.