ಒಂದೇ ವರ್ಷದ ಮೇಯರ್: ಪೂಂಡಿ ಕೆರೆಯ ಸತ್ಯಮೂರ್ತಿ ಕಥೆ, ಮಕ್ಕಳಿಗಾಗಿ

ಈ ಸಂಚಿಕೆ ಚೆನ್ನೈನಲ್ಲಿ ಬೆಳೀತಿರೋ ನಮ್ಮ ಕನ್ನಡದ ಮಕ್ಕಳಿಗೆ. ಅಪ್ಪ ಅಮ್ಮ ಪಕ್ಕದಲ್ಲಿ ಕೂತು ಕೇಳಬಹುದು, ಮಧ್ಯೆ ಬಾಯಿ ಹಾಕಬಾರದು ಅಷ್ಟೇ.

ಮಕ್ಕಳೇ, ಬೆಂಗಳೂರಿನಿಂದ ರೈಲಲ್ಲಿ ಬಂದು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು ಹೊರಗೆ ಬಂದರೆ, ಹತ್ತಿರದಲ್ಲೇ ಒಂದು ದೊಡ್ಡ ಬಿಳೀ ಕಟ್ಟಡ ಕಾಣುತ್ತೆ. ಅದು ರಿಪ್ಪನ್ ಬಿಲ್ಡಿಂಗ್. 1913ರಲ್ಲಿ ಶುರುವಾಯಿತು. ಚೆನ್ನೈ ಕಾರ್ಪೊರೇಷನ್ ಕಚೇರಿ ಅಲ್ಲಿದೆ, ಮೇಯರ್ ಕೂರೋದೂ ಅಲ್ಲೇ. ಕಾರ್ಪೊರೇಷನ್ ಅಂದ್ರೆ ಊರಿನ ರಸ್ತೆ, ಕಸ, ಚರಂಡಿ, ಬೀದಿ ದೀಪ ನೋಡಿಕೊಳ್ಳೋ ಸಂಸ್ಥೆ. ಮುಖ್ಯಮಂತ್ರಿ ಇಡೀ ರಾಜ್ಯಕ್ಕೆ, ಮೇಯರ್ ಒಂದು ಊರಿಗೆ. ಇವತ್ತು ಹೇಳಹೊರಟಿರೋದು ಆ ಮೇಯರ್ ಕುರ್ಚಿಯಲ್ಲಿ ಬರೀ ಒಂದು ವರ್ಷ ಕೂತವರೊಬ್ಬರ ಕಥೆ. ಹೆಸರು ಎಸ್. ಸತ್ಯಮೂರ್ತಿ. ತಮಿಳಿನವರು ಅವರನ್ನ 'ತೀರರ್ ಸತ್ಯಮೂರ್ತಿ' ಅಂತಾರೆ. ಬೇರೇನಲ್ಲ, ನಮ್ಮ 'ಧೀರ' ಪದವೇ ಅದು.

ಸತ್ಯಮೂರ್ತಿ ಚೆನ್ನೈನವರಲ್ಲ. 1887ರಲ್ಲಿ ಪುದುಕೋಟೆ ಸೀಮೆಯ ತಿರುಮಯಂನಲ್ಲಿ ಹುಟ್ಟಿದರು. ಓದೋಕೆ ಮದ್ರಾಸಿಗೆ ಬಂದು ವಕೀಲರಾದರು. ನಿಮ್ಮ ಅಪ್ಪ ಅಮ್ಮನ ಹಾಗೆ ಅವರೂ ಹೊರಗಿನಿಂದ ಬಂದವರೇ ಅನ್ನಿ. ಆಗ ದೇಶ ಬ್ರಿಟಿಷರ ಕೈಲಿತ್ತು. ಸತ್ಯಮೂರ್ತಿ ಕಾಂಗ್ರೆಸ್ ಸೇರಿದರು. ಅವರ ದೊಡ್ಡ ಆಸ್ತಿ ಮಾತು. 1920ರ ದಶಕದಲ್ಲಿ ಮದ್ರಾಸ್ ವಿಧಾನ ಪರಿಷತ್ತಿನಲ್ಲಿ, 1934ರ ಚುನಾವಣೆ ಆದಮೇಲೆ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ, ಅವರು ಎದ್ದು ನಿಂತರೆ ಸರ್ಕಾರದವರು ಉತ್ತರಕ್ಕೆ ತಡಕಾಡಬೇಕಿತ್ತು.

1937ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಚುನಾವಣೆ ನಡೆದು ಕಾಂಗ್ರೆಸ್ ಗೆದ್ದಿತು. ಆ ಪ್ರಾಂತ್ಯ ಎಷ್ಟು ದೊಡ್ಡದು ಅಂದ್ರೆ ನಮ್ಮ ಮಂಗಳೂರು, ಉಡುಪಿ, ಬಳ್ಳಾರಿ ಎಲ್ಲ ಅದರೊಳಗೇ ಇದ್ದವು. ಸತ್ಯಮೂರ್ತಿ ವಿಶ್ವವಿದ್ಯಾಲಯ ಕ್ಷೇತ್ರದಿಂದ ನಿಲ್ಲಬೇಕಿತ್ತು. ಅದನ್ನ ರಾಜಾಜಿಯವರಿಗೆ ಬಿಟ್ಟುಕೊಟ್ಟರು. ರಾಜಾಜಿ ಗೆದ್ದು ಪ್ರಾಂತ್ಯದ ಮುಖ್ಯಸ್ಥರಾದರು. ಸತ್ಯಮೂರ್ತಿಗೆ ಮಂತ್ರಿ ಸ್ಥಾನ ಸಿಗುತ್ತೆ ಅಂತ ತುಂಬ ಜನ ಅಂದುಕೊಂಡಿದ್ದರು. ಸಿಗಲಿಲ್ಲ. ಜೀವಮಾನದಲ್ಲಿ ಅವರು ಒಮ್ಮೆಯೂ ಮಂತ್ರಿ ಆಗಲಿಲ್ಲ.

ಸಿಕ್ಕಿದ್ದು 1939ರಲ್ಲಿ, ಮದ್ರಾಸ್ ಮೇಯರ್ ಕುರ್ಚಿ. ಆಗ ಮೇಯರ್‌ನ ಆರಿಸ್ತಿದ್ದವರು ಜನ ಅಲ್ಲ, ಕೌನ್ಸಿಲರ್‌ಗಳು. ಅದೂ ಒಂದೇ ವರ್ಷಕ್ಕೆ. ನಮ್ಮ ಬೆಂಗಳೂರಿನಲ್ಲೂ ಮೇಯರ್ ಅವಧಿ ಒಂದೇ ವರ್ಷ ಇತ್ತಲ್ಲ, ಹಾಗೇ. ಹಾರ, ನಿಲುವಂಗಿ, ಮೆರವಣಿಗೆ ಎಲ್ಲ ಇರುತ್ತೆ, ಆದರೆ ದಿನದಿನದ ಆಡಳಿತ ಕಮಿಷನರ್ ಕೈಲಿ. ಒಂದು ವರ್ಷದಲ್ಲಿ ಏನು ಮಾಡೋಕಾಗುತ್ತೆ? ಫೋಟೋ ತೆಗೆಸಿಕೊಂಡು ಹೋಗಬಹುದು, ತುಂಬ ಜನ ಹಾಗೇ ಹೋಗ್ತಾರೆ. ಸತ್ಯಮೂರ್ತಿ ನೀರಿನ ವಿಷಯ ಹಿಡಿದುಕೊಂಡರು.

ನೀರಿನ ಕಷ್ಟ ಏನು ಅಂತ ಅರ್ಥ ಮಾಡ್ಕೊಳ್ಳೋಣ. ಚೆನ್ನೈಗೆ ಜೋರು ಮಳೆ ಬರೋದು ಅಕ್ಟೋಬರ್‌ನಿಂದ ಡಿಸೆಂಬರ್. ಆಗ ಊರಿನ ಉತ್ತರದಲ್ಲಿರೋ ಕೊಸಸ್ತಲೈಯಾರ್ ನದಿ ತುಂಬಿ ಹರಿದು, ಎಣ್ಣೂರಿನ ಹತ್ತಿರ ಸಮುದ್ರ ಸೇರುತ್ತೆ. ಸ್ವಲ್ಪ ನೀರನ್ನ ತಿರುಗಿಸಿ ಚೋಳಾವರಂ, ರೆಡ್ ಹಿಲ್ಸ್ ಕೆರೆಗಳಿಗೆ ತುಂಬಿಸಿಕೊಳ್ಳೋ ಏರ್ಪಾಡು 1870ರ ದಶಕದಿಂದ ಇತ್ತು. ಮಿಕ್ಕಿದ್ದು ಸಮುದ್ರದ ಪಾಲು. 1941ರ ಜನಗಣತಿ ಹೊತ್ತಿಗೆ ಊರಿನ ಜನ ಸುಮಾರು 7.8 ಲಕ್ಷ. ಕೆರೆ ಹಳೇದು, ಊರು ಹೊಸದಾಗಿ ಬೆಳೀತಾ ಇತ್ತು. ಹಾಗಾಗಿ ನದಿಗೇ ಅಡ್ಡ ಕಟ್ಟೆ ಕಟ್ಟಿ ಮಳೆಗಾಲದ ನೀರನ್ನ ಹಿಡಿದಿಡಬೇಕಿತ್ತು. ಅದಕ್ಕೆ ನೋಡಿದ ಜಾಗ ತಿರುವಳ್ಳೂರಿನ ಹತ್ತಿರದ ಪೂಂಡಿ, ಊರಿಂದ ಸುಮಾರು 60 ಕಿಲೋಮೀಟರ್.

ಇಲ್ಲಿ ಬೆಂಗಳೂರನ್ನ ನೆನೆಸಿಕೊಳ್ಳಿ. ನಮ್ಮ ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲೇ ಆಯಿತು. ಅಲ್ಲಿ ಮಹಾರಾಜರು, ದಿವಾನರು ಒಪ್ಪಿದರೆ ಕೆಲಸ ನಡೀತಿತ್ತು. ಇಲ್ಲಿ ಒಪ್ಪಬೇಕಾದವರು ಬ್ರಿಟಿಷ್ ಗವರ್ನರ್. ಅದೂ ಎಂಥ ಸಮಯ! ಎರಡನೇ ಮಹಾಯುದ್ಧ ಶುರುವಾಗಿತ್ತು. ಭಾರತೀಯರನ್ನ ಕೇಳದೇ ಭಾರತವನ್ನ ಯುದ್ಧಕ್ಕೆ ಎಳೆದರು ಅಂತ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟಿದ್ದವು. ಮದ್ರಾಸಿನಲ್ಲಿ ನೇರ ಗವರ್ನರ್ ಆಡಳಿತ. ಬ್ರಿಟಿಷರನ್ನ ಸಭೆಯಲ್ಲಿ ಬೈದು ಹೆಸರಾದ ಮನುಷ್ಯ ಈಗ ಅದೇ ಬ್ರಿಟಿಷ್ ಗವರ್ನರ್ ಆರ್ಥರ್ ಹೋಪ್ ಅವರ ಮುಂದೆ ಊರಿಗೆ ನೀರು ಕೇಳಬೇಕು. ಸತ್ಯಮೂರ್ತಿ ಕೇಳಿದರು, ಒಪ್ಪಿಸಿದರು. 1940ರ ಆಗಸ್ಟ್‌ನಲ್ಲಿ, ಅವರ ಅವಧಿ ಮುಗಿಯೋ ಮುಂಚೆಯೇ, ಪೂಂಡಿಯಲ್ಲಿ ಅಡಿಗಲ್ಲು ಬಿತ್ತು. ಸ್ವಾತಂತ್ರ್ಯದ ಜಗಳ ಬಿಟ್ಟರು ಅಂದ್ಕೋಬೇಡಿ. ಜಗಳ ಒಂದು ಕಡೆ, ಜನರ ಬಾಯಾರಿಕೆ ಒಂದು ಕಡೆ. ಎರಡನ್ನೂ ಬೆರೆಸಲಿಲ್ಲ.

ಮೇಯರ್ ಅವಧಿ ಮುಗಿದ ಮೇಲೆ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಮಗಳು ಲಕ್ಷ್ಮಿಗೆ ಜೈಲಿಂದ ಬರೆದ ಕಾಗದಗಳು ಆಮೇಲೆ ಪುಸ್ತಕವಾಗಿ ಬಂದವು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಮತ್ತೆ ಸೆರೆ. ಈ ಸಲ ದೂರದ ಅಮರಾವತಿ ಜೈಲು. ಬೆನ್ನುಮೂಳೆಗೆ ಪೆಟ್ಟಾಯಿತು, ಆರೋಗ್ಯ ಕೆಟ್ಟಿತು. 1943ರ ಮಾರ್ಚ್ 28ರಂದು ಮದ್ರಾಸ್ ಜನರಲ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೂ ಸೆಂಟ್ರಲ್ ಸ್ಟೇಷನ್ ಎದುರಿಗೇ ಇದೆ. ಪೂಂಡಿ ಜಲಾಶಯ ಶುರುವಾಗಿದ್ದು 1944ರಲ್ಲಿ. ಅವರು ಆ ನೀರನ್ನ ನೋಡಲೇ ಇಲ್ಲ. ಈಗ ಅದರ ಹೆಸರು ಸತ್ಯಮೂರ್ತಿ ಸಾಗರ.

ಈಗ ನಮಗೆ ಸಂಬಂಧಪಟ್ಟ ಮಾತು. ಕಾವೇರಿ ಗಲಾಟೆ ಎದ್ದಾಗ ನಿಮಗೆ ಸ್ಕೂಲಲ್ಲಿ ಯಾರಾದರೂ 'ನಿಮ್ಮ ಕರ್ನಾಟಕ ನೀರು ಕೊಡಲ್ಲ' ಅಂದಿರಬಹುದು. ಜಗಳ ಆಡಬೇಡಿ, ತಲೆ ತಗ್ಗಿಸಲೂಬೇಡಿ. ಪೂಂಡಿ ಕಥೆ ಹೇಳಿ. 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮೂರೂ ರಾಜ್ಯಗಳು ತಮ್ಮ ಕೃಷ್ಣಾ ನೀರಿನಲ್ಲಿ ತಲಾ 5 ಟಿಎಂಸಿ ಮದ್ರಾಸಿನ ಕುಡಿಯೋ ನೀರಿಗೆ ಬಿಡೋಕೆ ಒಪ್ಪಿದವು. ಒಟ್ಟು 15. ದಾರಿಯಲ್ಲಿ ಆವಿಯಾಗೋದು ಕಳೆದು 12 ಟಿಎಂಸಿ ಗಡಿ ಮುಟ್ಟಬೇಕು. ಶ್ರೀಶೈಲದಿಂದ ಸೋಮಶಿಲ, ಕಂಡಲೇರು ದಾಟಿ, ಅಲ್ಲಿಂದ ಕಾಲುವೆಯಲ್ಲಿ ಬರೋ ಆ ನೀರು 1996ರಲ್ಲಿ ಮೊದಲ ಸಲ ತಮಿಳುನಾಡಿಗೆ ಬಂತು. ಬಂದು ಸೇರೋದು ಎಲ್ಲಿಗೆ? ಪೂಂಡಿಗೆ. ಹೇಳಿದಷ್ಟು ನೀರು ಪ್ರತಿ ವರ್ಷ ಬರಲ್ಲ, ಅದೂ ನಿಜ. ಆದರೆ ಆ ಲೆಕ್ಕದಲ್ಲಿ ನಮ್ಮೂರಿನ ಪಾಲೂ ಇದೆ.

ದೊಡ್ಡವರಿಗೆ 2019ರ ಬೇಸಿಗೆ ಮರೆತಿರಲ್ಲ. ಕೆರೆಗಳೆಲ್ಲ ಒಣಗಿ, ಓಎಂಆರ್‌ನ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಅಂದವು. ನಮ್ಮ ಬೆಂಗಳೂರು ರೈಲು ಹಾದುಬರೋ ಜೋಲಾರ್‌ಪೇಟೆಯಿಂದ ವ್ಯಾಗನ್‌ಗಳಲ್ಲಿ ನೀರು ತಂದರು. ಕೆಲಸ, ಸಂಬಳ, ಫ್ಲಾಟು ಎಲ್ಲ ಇದ್ದೂ ನೀರಿಲ್ಲದಿದ್ದರೆ ಊರು ನಿಲ್ಲಲ್ಲ ಅಂತ ಆಗ ಗೊತ್ತಾಯಿತು.

ಕೊನೆಗೆ ಇನ್ನೊಬ್ಬರ ವಿಷಯ. ಸತ್ಯಮೂರ್ತಿಗೆ ಕಾಮರಾಜ್ ಅಂತ ಒಬ್ಬ ಶಿಷ್ಯರಿದ್ದರು, ಶಾಲೆ ಪೂರ್ತಿ ಓದಿದವರಲ್ಲ. 1936ರಲ್ಲಿ ತಮಿಳುನಾಡು ಕಾಂಗ್ರೆಸ್‌ಗೆ ಗುರು ಅಧ್ಯಕ್ಷ, ಶಿಷ್ಯ ಕಾರ್ಯದರ್ಶಿ. 1940ರಲ್ಲಿ ಅದು ತಿರುಗಿತು: ಶಿಷ್ಯ ಅಧ್ಯಕ್ಷ, ಗುರುವೇ ಕಾರ್ಯದರ್ಶಿ. ಕಾಮರಾಜ್ 1954ರಿಂದ 1963ರ ತನಕ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ಆಗಿದ್ದರು. ಮಕ್ಕಳನ್ನ ಶಾಲೆಗೆ ಕರೆಯೋಕೆ ಮಧ್ಯಾಹ್ನದ ಊಟ ಹರಡಿದವರು ಅವರೇ. ಗುರುವಿಗೆ ಸಿಗದ ಕುರ್ಚಿ ಶಿಷ್ಯನಿಗೆ ಸಿಕ್ಕಿತು.

ನಾಳೆ ಪೇಪರ್‌ನಲ್ಲಿ ಕೆರೆಗಳ ನೀರಿನ ಮಟ್ಟ ಹಾಕಿರ್ತಾರೆ: ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ. ಪೂಂಡಿಯ ಪೂರ್ತಿ ಅಳತೆ 3,231 ಮಿಲಿಯನ್ ಘನ ಅಡಿ. ಅದರಲ್ಲಿ ಈಗ ಎಷ್ಟಿದೆ ಅಂತ ನೋಡಿ, ಶೇಕಡಾ ಲೆಕ್ಕ ಹಾಕಿ ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.