ಬಂಡೆಯ ಮೇಲಿನ ನೀರು

ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರಿನ ಮೇಲೆ ಮೂಡುಬಿದಿರೆಗೆ ಹೋಗುವ ದಾರಿ ಬಹಳ ಹಳೆಯದು. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಸೀಮೆಯನ್ನು ಹಾದು ಹೋದ. ಬೆಳೆ, ಗೇಣಿ, ಜಾತಿ, ಬಸದಿ ಎಲ್ಲವನ್ನೂ ಬರೆದುಕೊಂಡ. ಅವನ ನಂತರ ಬಂದ ನಮ್ಮ ಚರಿತ್ರೆಕಾರರು ಅರಸರನ್ನು ಎಣಿಸಿದರು. ಆ ಅರಸರೂ ಸೆಟ್ಟಿಗಳೂ ಬೇಸಗೆಯಲ್ಲಿ ಯಾವ ನೀರು ಕುಡಿಯುತ್ತಿದ್ದರು ಎಂದು ಕೇಳಿದವರು ಕಡಿಮೆ. ಅದನ್ನೇ ಕೇಳಿಕೊಂಡು ಒಂದು ಮಾರ್ಚ್ ತಿಂಗಳಲ್ಲಿ ನಾನೂ ಗೆಳೆಯರೊಬ್ಬರೂ ಈ ದಾರಿಯಲ್ಲಿ ನಾಲ್ಕು ದಿನ ನಡೆದೆವು.

ನೇತ್ರಾವತಿ ಬಂಟ್ವಾಳಕ್ಕೆ ಕೊಟ್ಟದ್ದು ನೀರಿಗಿಂತ ಹೆಚ್ಚಾಗಿ ವ್ಯಾಪಾರವನ್ನು. ಘಟ್ಟದ ಮೇಲಿನ ಸರಕು ಎತ್ತಿನ ಗಾಡಿಯಲ್ಲಿ ಇಲ್ಲಿಯವರೆಗೆ ಬಂದು ಇಲ್ಲಿ ದೋಣಿಯೇರಿ ಮಂಗಳೂರಿಗೆ ಹೋಗುತ್ತಿತ್ತು. ಕೊಟ್ಟ ಹೊಳೆ 1923ರಲ್ಲಿ ಎಲ್ಲವನ್ನೂ ವಾಪಸು ಕೇಳಿತು. ಆ ನೆರೆಗೆ ತುಳುವಿನಲ್ಲಿ ‘ಮಾರಿಬೊಳ್ಳ’ ಎಂದು ಹೆಸರು. 1974ರಲ್ಲಿ ಮತ್ತೊಮ್ಮೆ ಪೇಟೆ ಮುಳುಗಿತು. ನಾವು ಕಂಡ ಹೊಳೆ ಬೇರೆಯೇ. ಸರಪಾಡಿಯವರೆಗೆ ದಡ ಹಿಡಿದು ನಡೆದರೆ ಕರಿಬಂಡೆಗಳ ಬೆನ್ನು, ನಡುನಡುವೆ ಹಸಿರು ಕಟ್ಟಿದ ಗಯಗಳು. ಆನೆ ಮುಳುಗುವ ಆಳ ಒಂದು ಕಡೆ, ಪಾದ ನೆನೆಯದ ನೀರು ಇನ್ನೊಂದು ಕಡೆ.

ಅಲ್ಲಿಂದ ಬಡಗಕ್ಕೆ ತಿರುಗಿ ಕಾರಿಂಜದ ಬೆಟ್ಟ ಹತ್ತಿದೆವು. ನಡುವೆ ಪಾರ್ವತಿಯ ಗುಡಿ, ತುದಿಯಲ್ಲಿ ಶಿವನದು. ಭೀಮ ಗದೆಯಿಂದ ಹೊಡೆದಲ್ಲಿ ಗದಾತೀರ್ಥ, ಮೊಣಕಾಲೂರಿದಲ್ಲಿ ಜಾನುತೀರ್ಥ, ಹೆಬ್ಬೆರಳೊತ್ತಿದಲ್ಲಿ ಅಂಗುಷ್ಠತೀರ್ಥ ಎಂದು ಸ್ಥಳಪುರಾಣ. ಪುರಾಣವನ್ನು ನಂಬದವರೂ ಒಂದನ್ನು ಒಪ್ಪಬೇಕು. ಈ ಕಲ್ಲುಗುಡ್ಡದಲ್ಲಿ ಮಳೆನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿದವರು ಇಲ್ಲಿದ್ದರು. ದೇವರು ನೀರಿರುವಲ್ಲಿಗೆ ಬಂದನೋ, ನೀರು ದೇವರಿರುವಲ್ಲಿಗೆ ಬಂತೋ ಎಂದು ಗೆಳೆಯರು ಕೇಳಿದರು. ನನ್ನ ಮತ ಮೊದಲಿನದಕ್ಕೆ.

ಮರುದಿನ ಗುರುವಾಯನಕೆರೆ. ನಮ್ಮ ಬಸ್ಸುಗಳ ಬೋರ್ಡಿನಲ್ಲಿ ಈ ಹೆಸರನ್ನು ಓದುವವರಲ್ಲಿ ಎಷ್ಟು ಮಂದಿಗೆ ಅದರೊಳಗಿನ ಕೆರೆ ನೆನಪಾಗುತ್ತದೋ! ಧೂಳು ಮೆತ್ತಿದ ಕಾಲಿನಲ್ಲಿ ಚಹಾ ಕೇಳಿದ ನಮ್ಮನ್ನು ಅಂಗಡಿಯ ಹಿರಿಯರು ಮೇಲಿನಿಂದ ಕೆಳಗೆ ನೋಡಿದರು. “ಕೆರೆ ನೋಡ್ಲಿಕ್ಕೆ ನಡೆದುಕೊಂಡು ಬಂದದ್ದಾ? ಬಸ್ಸು ಇಲ್ಲಿಗೇ ಬರ್ತದಲ್ಲ ಮಾರಾಯ್ರೇ!”

ಬೆಳ್ತಂಗಡಿಯ ಆಚೆ ಗಡಾಯಿಕಲ್ಲು ಒಂಟಿಯಾಗಿ ಎದ್ದು ನಿಂತಿದೆ. ಸಮುದ್ರಮಟ್ಟದಿಂದ ಸುಮಾರು 1700 ಅಡಿ. ಟಿಪ್ಪು 1794ರಲ್ಲಿ ಇದರ ಮೇಲೆ ಕೋಟೆ ಕಟ್ಟಿಸಿ ತಾಯಿಯ ಹೆಸರಿನಿಂದ ಜಮಲಾಬಾದ್ ಎಂದು ಕರೆದ. ಏರಲು ಇರುವುದು ಒಂದೇ ಇಕ್ಕಟ್ಟಿನ ಮೆಟ್ಟಿಲ ದಾರಿ, ಅದೂ ಬಂಡೆಯಲ್ಲೇ ಕಡಿದದ್ದು. ತೋಪು, ಗೋಡೆಗಳ ಮಾತನ್ನು ಎಲ್ಲರೂ ಆಡುತ್ತಾರೆ. ನನಗೆ ಮುಖ್ಯವೆನಿಸಿದ್ದು ತುದಿಯಲ್ಲಿ ಮಳೆನೀರು ಹಿಡಿಯುವ ಕೊಳ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಪಾಲಾದ ಈ ಕೋಟೆಯನ್ನು ಮರುವರ್ಷ ಬಂಡಾಯಗಾರರು ಹಿಡಿದು ಕೆಲವು ತಿಂಗಳು ಬಿಟ್ಟುಕೊಡಲಿಲ್ಲ. ಕೆಳಗೆ ಶತ್ರು ಸುತ್ತುವರಿದಿರುವಾಗ ಮೇಲಿದ್ದವರು ಹೊಳೆಗೆ ಇಳಿಯುವಂತಿಲ್ಲ. ಆ ಬಂಡೆಯ ಮೇಲೆ ನೀರಿಲ್ಲದಿದ್ದರೆ ಗೋಡೆ ಎಷ್ಟು ದಪ್ಪವಿದ್ದೇನು?

ಗುರುವಾಯನಕೆರೆಗೆ ಮರಳಿ ವೇಣೂರಿನ ದಾರಿ ಹಿಡಿದಾಗ ನೇತ್ರಾವತಿಯ ಸೀಮೆ ಮುಗಿದು ಫಲ್ಗುಣಿಯದು ಶುರುವಾಗುತ್ತದೆ. ಇಲ್ಲಿ ಬೆನ್ನು ಹಾಕಿ ಹೋಗುವ ಈ ಎರಡು ಹೊಳೆಗಳು ಮಂಗಳೂರಿನ ಅಳಿವೆಯಲ್ಲಿ ಒಟ್ಟಿಗೇ ಕಡಲು ಸೇರುತ್ತವೆ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟನನ್ನು ತನಗೆ ಕೊಡಬೇಕೆಂದು ಕಾರ್ಕಳದ ಅರಸ ಹಟ ಹಿಡಿದನಂತೆ. ಅಜಿಲ ವಿಗ್ರಹವನ್ನು ಹೊಳೆಯ ಮರಳಿನಲ್ಲಿ ಹೂತಿಟ್ಟು ಕಾಪಾಡಿದನಂತೆ. ಮೂವತ್ತೈದು ಅಡಿಯ ಕಲ್ಲನ್ನು ಮುಚ್ಚುವಷ್ಟು ಮರಳು! ಈಗ ಅಂಥದೊಂದು ಸಂದರ್ಭ ಬಂದರೆ ಅಜಿಲನೂ ಮರಳಿಗಾಗಿ ಲಾರಿಯವರ ಹತ್ತಿರ ಹೋಗಬೇಕು.

ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬ ಮಾತಿದೆ. ಸಾವಿರ ಕಂಬದ ಬಸದಿ 1430ರದು. ಅದರ ಕಂಬಗಳ ಮುಂದೆ ನಿಂತವರಿಗೆ ಊರಿನ ಹಣದ ಅಂದಾಜಾಗುತ್ತದೆ. ಆದರೆ ಊರು ಹೊಳೆಯ ದಡದಲ್ಲಿಲ್ಲ. ಮುರಕಲ್ಲಿನ ನೆಲದಲ್ಲಿ ಇಷ್ಟು ದೊಡ್ಡ ಪೇಟೆ ನಿಲ್ಲಬೇಕಾದರೆ ಕೆರೆಗಳೇ ಅದರ ಬಂಡವಾಳವಾಗಿದ್ದಿರಬೇಕು. ಬಸದಿಗಳನ್ನು ತೋರಿಸಲು ಊರವರು ಉತ್ಸಾಹದಿಂದ ಬಂದರು. ಹದಿನೆಂಟು ಕೆರೆಗಳನ್ನು ಹೇಳಿ ಎಂದಾಗ ಬೆರಳು ಮಡಚುತ್ತಾ ಹೋಗಿ ಒಂದು ಕೈ ದಾಟುವಷ್ಟರಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇದು ಬರೇ ಹಳೆಯ ಕಾಲದ ಹಂಬಲವಲ್ಲ. 2019ರ ಮೇ ತಿಂಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ತಗ್ಗಿ ಮಂಗಳೂರಿಗೆ ಸರದಿಯಲ್ಲಿ ನೀರು ಬಿಡಬೇಕಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆಗಳ ಕಡೆ ಗುಡ್ಡ ಜರಿದು, ಹೊಳೆ ತೋಟಗಳ ಮೇಲೆ ಹರಿದು, ಅಡಿಕೆ ಮರಗಳ ಬುಡದಲ್ಲಿ ಬಂಡೆ ಮರಳು ತಂದು ಸುರಿಯಿತು. ನಡುವೆ ಇದ್ದದ್ದು ಮೂರೇ ತಿಂಗಳು.

ಕಡಲಕೆರೆಯ ದಂಡೆಗೆ ಬಂದಾಗ ಸಂಜೆಯಾಗಿತ್ತು. ಅಂಥ ಮಾರ್ಚಿನಲ್ಲೂ ಕೆರೆಯಲ್ಲಿ ನೀರಿತ್ತು. ಗೆಳೆಯರು ಚಪ್ಪಲಿ ಕಳಚಿ ಇಳಿದರು.