ಮೆಡಿಕೇರ್ ವಿಮೆಯ ಎರಡು ಭಾಗಗಳು

ಅಮೆರಿಕದಲ್ಲಿ 65 ವರ್ಷ ತುಂಬಿದವರಿಗೆ ದೊರೆಯುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಮೊದಲಿಗೇ ‘ಎ’, ‘ಬಿ’ ಎಂದು ಒಡೆದುದೇಕೆ? ಕಾರಣವನ್ನು ವೈದ್ಯಶಾಸ್ತ್ರದಲ್ಲಿ ಅರಸುವುದು ವ್ಯರ್ಥ. ಅದಿರುವುದು 1965ರ ಶಾಸನಸಭೆಯಲ್ಲಿ. ಆಡಳಿತ ಪಕ್ಷವು ದುಡಿಯುವವರ ವೇತನದ ಮೇಲಣ ತೆರಿಗೆಯಿಂದ ಮುಖ್ಯವಾಗಿ ಆಸ್ಪತ್ರೆಯ ವೆಚ್ಚವನ್ನು ಭರಿಸಬಯಸಿತ್ತು. ವಿರೋಧ ಪಕ್ಷದ ಜಾನ್ ಬರ್ನ್ಸ್ ಅವರು ಇಷ್ಟವುಳ್ಳವರು ಕಂತು ತೆತ್ತು ಸೇರುವ, ವೈದ್ಯರ ಶುಲ್ಕವನ್ನೂ ಒಳಗೊಂಡ ವಿಮೆಯನ್ನು ಮುಂದಿಟ್ಟರು. ಸಮಿತಿಯ ಅಧ್ಯಕ್ಷರಾದ ವಿಲ್ಬರ್ ಮಿಲ್ಸ್ ಒಂದನ್ನು ಆರಿಸದೆ ಎರಡನ್ನೂ ಜೋಡಿಸಿದರು. ಜಾಣ ಹಂಚಿಕೆಯೇ ಸರಿ. ಆದರೆ ಅದರ ತೊಡಕು ಉಳಿದುದು ವೃದ್ಧರ ಪಾಲಿಗೆ. 1966ರ ಜುಲೈ 1ರಂದು ಯೋಜನೆ ಜಾರಿಗೆ ಬಂದಾಗ ‘ಬಿ’ಯ ಮಾಸಿಕ ಕಂತು 3 ಡಾಲರು. ಇಂದಿಗೂ ‘ಎ’ ಬಹುತೇಕರಿಗೆ ಕಂತಿಲ್ಲದೆ ದೊರೆಯುತ್ತದೆ. ಉದ್ಯೋಗದ ಮೂಲಕ ದೊರೆತ ಬೇರೆ ವಿಮೆಯೂ ಇಲ್ಲದೆ, ‘ಬಿ’ಯನ್ನು ಸಕಾಲದಲ್ಲಿ ಸೇರದವರು ಸಾಮಾನ್ಯವಾಗಿ ಅದರಲ್ಲಿರುವಷ್ಟು ಕಾಲವೂ ಹೆಚ್ಚಿನ ಕಂತನ್ನು ತೆರಬೇಕಾಗುತ್ತದೆ.